ಬಾವಿಕಟ್ಟೆಯ ಇಬ್ಬರು ಹೆಂಗಸರು

ಹತ್ತನೆಯ ತರಗತಿಗೆ ಇತಿಹಾಸವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ನನಗೊಂದು ಅಭ್ಯಾಸವಿತ್ತು. ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಅದು ನೆನಪಿರಬಹುದು. ಪಾಠದಲ್ಲಿ ಇಸವಿಗಳ ಕಾಟ ಹೆಚ್ಚಾದಾಗ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಆ ಕಾಲಕ್ಕೆ ಸಂಬಂಧಿಸಿದ ಒಂದು ಕಥೆಯನ್ನು ಹೇಳುತ್ತಿದ್ದೆ. 1932ರ ಪೂನಾ ಒಪ್ಪಂದದ ಪಾಠ ಬಂದಾಗ ಹೇಳುತ್ತಿದ್ದುದು ಅದೇ ವರ್ಷ ಪ್ರಕಟವಾದ ಪ್ರೇಮಚಂದರ 'ಠಾಕೂರ್ ಕಾ ಕುವಾಂ', ಅಂದರೆ 'ಠಾಕೂರನ ಬಾವಿ' ಎಂಬ ಕಥೆಯನ್ನು. ಬಹಳ ಚಿಕ್ಕ ಕಥೆ. ಹೇಳಿ ಮುಗಿಸಲು ಹತ್ತು ನಿಮಿಷ ಸಾಕು.

ಒಮ್ಮೆ ಕಥೆ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆ ಇಬ್ಬರು ಹೆಂಗಸರು ಗಂಗಿಯನ್ನು ನೋಡಿಬಿಟ್ಟಿದ್ದರೆ ಏನು ಮಾಡುತ್ತಿದ್ದರು?" ಎಂದು ಕೇಳಿದಳು. "ಏನು ಮಾಡುತ್ತಿದ್ದರು, ಕೂಗಿಕೊಳ್ಳುತ್ತಿದ್ದರು" ಎಂದು ಥಟ್ಟನೆ ಉತ್ತರಿಸಿ ಮುಂದಿನ ಪಾಠಕ್ಕೆ ಹೋದೆ. ಹುಡುಗಿ ಕುಳಿತಳು. ಆದರೆ ಅವಳ ಮುಖದಲ್ಲಿ ಉತ್ತರ ಸಿಕ್ಕಿದ ಸಮಾಧಾನವಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಕಥೆಯನ್ನು ಮತ್ತೆ ಓದಿದಾಗ ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಎಷ್ಟು ಅಗ್ಗದ್ದೆಂದು ಅರಿವಾಯಿತು. ಈ ಬರೆಹವನ್ನು ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಭಾವಿಸಬಹುದು.

ಕಥೆಯನ್ನು ಓದದವರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಜೋಖು ಎಂಬ ಬಡವ ಕೆಲವು ದಿನಗಳಿಂದ ಕಾಯಿಲೆ ಬಿದ್ದಿದ್ದಾನೆ. ಬಾಯಾರಿ ಲೋಟ ಎತ್ತಿದರೆ ನೀರು ಕೊಳೆತು ನಾರುತ್ತದೆ. ಅವರ ಬಳಕೆಯ ಬಾವಿಗೆ ಯಾವುದೋ ಪ್ರಾಣಿ ಬಿದ್ದು ಸತ್ತಿರಬೇಕು. ಹೆಂಡತಿ ಗಂಗಿ ಆ ನೀರನ್ನು ಕುಡಿಯಗೊಡುವುದಿಲ್ಲ. ಕೆಟ್ಟ ನೀರು ಕುಡಿದರೆ ರೋಗ ಹೆಚ್ಚುತ್ತದೆಂಬುದು ಅವಳಿಗೆ ಗೊತ್ತು. ಕುದಿಸಿದರೆ ದೋಷ ಹೋಗುತ್ತದೆಂಬುದು ಗೊತ್ತಿಲ್ಲ. (ಈ ಒಂದು ವಾಕ್ಯವನ್ನು ಪ್ರೇಮಚಂದರು ಏನೂ ಒತ್ತು ಕೊಡದೆ ಬರೆದು ಮುಂದೆ ಸಾಗುತ್ತಾರೆ. ಶಾಲೆಯ ಬಾಗಿಲು ಮುಚ್ಚಿದ್ದರ ಫಲವೇನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?) ಊರಿನಲ್ಲಿ ಇನ್ನೆರಡು ಬಾವಿಗಳಿವೆ: ಒಂದು ಠಾಕೂರನದು, ಒಂದು ಸಾಹುಕಾರನದು. ಎರಡರ ಹತ್ತಿರವೂ ಇವರು ಸುಳಿಯುವಂತಿಲ್ಲ. ಕೈಕಾಲು ಮುರಿಸಿಕೊಂಡು ಬರುತ್ತೀಯೆ ಎಂದು ಗಂಡ ತಡೆದರೂ ಗಂಗಿ ರಾತ್ರಿ ಒಂಬತ್ತರ ಹೊತ್ತಿಗೆ ಬಿಂದಿಗೆ ಹಗ್ಗ ಹಿಡಿದು ಠಾಕೂರನ ಬಾವಿಯತ್ತ ಹೊರಡುತ್ತಾಳೆ. ಕತ್ತಲಲ್ಲಿ ಕಾದು ಕುಳಿತು, ಕೊನೆಗೆ ಬಿಂದಿಗೆಯನ್ನು ಇಳಿಬಿಟ್ಟು ಸೇದುತ್ತಾಳೆ. ಕೈಗೆ ಎಟುಕುವಷ್ಟರಲ್ಲಿ ಠಾಕೂರನ ಮನೆಯ ಬಾಗಿಲು ತೆರೆಯುತ್ತದೆ. ಹಗ್ಗ ಕೈಜಾರುತ್ತದೆ, ಬಿಂದಿಗೆ ದಡಾರನೆ ನೀರಿಗೆ ಬೀಳುತ್ತದೆ. ಓಡಿ ಮನೆಗೆ ಬಂದು ನೋಡಿದರೆ ಜೋಖು ಅದೇ ನಾರುವ ನೀರನ್ನು ಕುಡಿಯುತ್ತಿದ್ದಾನೆ.

ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದುದು ಇಷ್ಟೇ. ಆ ಇಬ್ಬರು ಹೆಂಗಸರಿಗೆ ಒಂದು ವಾಕ್ಯ ಮೀಸಲಿಡುತ್ತಿದ್ದೆ: "ಅಷ್ಟರಲ್ಲಿ ಇಬ್ಬರು ಹೆಂಗಸರು ನೀರಿಗೆ ಬಂದರು, ಗಂಗಿ ಅಡಗಿಕೊಂಡಳು." ಕುತೂಹಲ ಹೆಚ್ಚಿಸಲು ಲೇಖಕರು ತಂದ ಒಂದು ಅಡಚಣೆ ಎಂದೇ ನಾನು ತಿಳಿದಿದ್ದೆ.

ಆದರೆ ಪ್ರೇಮಚಂದರು ಅವರನ್ನು ಸುಮ್ಮನೆ ಬಂದು ಹೋಗಲು ಬಿಡುವುದಿಲ್ಲ. ಅವರಿಗೆ ಹೆಸರಿಲ್ಲ, ಮುಖವಿಲ್ಲ, ಮಾತು ಮಾತ್ರ ಇದೆ. ಗಂಡಸರು ಊಟಕ್ಕೆ ಕುಳಿತ ಕೂಡಲೇ ತಾಜಾ ನೀರು ಬೇಕೆಂದು ಅಪ್ಪಣೆ ಮಾಡಿದ್ದಾರೆ, ಆದರೆ ಇನ್ನೊಂದು ಕೊಡ ಕೊಳ್ಳಲು ಮಾತ್ರ ಮನೆಯಲ್ಲಿ ಹಣವಿಲ್ಲವೆಂದು ಒಬ್ಬಳ ಗೊಣಗಾಟ. ನಾವು ಒಂದು ಗಳಿಗೆ ಸುಮ್ಮನೆ ಕುಳಿತರೆ ಅವರ ಹೊಟ್ಟೆ ಉರಿಯುತ್ತದೆಂದು ಇನ್ನೊಬ್ಬಳು ಹೇಳುತ್ತಾಳೆ. ತಾವೇ ಎದ್ದು ಒಂದು ಚೊಂಬು ನೀರು ತುಂಬಿಕೊಳ್ಳಲಾರರು, ನಾವು ಅವರ ಮನೆಯ ತೊತ್ತುಗಳೆಂಬಂತೆ ಅಪ್ಪಣೆ ಮಾಡುತ್ತಾರೆಂದು ಮೊದಲನೆಯವಳು ಮುಂದುವರಿಸುತ್ತಾಳೆ. ಆಗ ಎರಡನೆಯವಳು ಚುಚ್ಚುತ್ತಾಳೆ: ತೊತ್ತಲ್ಲದೆ ಮತ್ತೇನು ನೀನು? ಅನ್ನ ಬಟ್ಟೆ ಸಿಗುತ್ತದೆ, ಅಷ್ಟಿಷ್ಟು ಕಾಸು ಕಿತ್ತುಕೊಳ್ಳುತ್ತೀಯೆ, ತೊತ್ತುಗಳು ಇನ್ನು ಹೇಗಿರುತ್ತಾರೆ? ನಾಚಿಸಬೇಡವೆಂದು ಮೊದಲನೆಯವಳು ಬೇಡುತ್ತಾಳೆ. ಒಂದು ಕ್ಷಣದ ವಿಶ್ರಾಂತಿಗೆ ಜೀವ ಹಂಬಲಿಸುತ್ತದೆ, ಇಷ್ಟೇ ಕೆಲಸವನ್ನು ಬೇರೆಯವರ ಮನೆಯಲ್ಲಿ ಮಾಡಿದ್ದರೆ ಅವರಾದರೂ ಉಪಕಾರ ಸ್ಮರಿಸುತ್ತಿದ್ದರು, ಇಲ್ಲಿ ದುಡಿದು ಸತ್ತರೂ ಯಾರ ಮುಖವೂ ನೆಟ್ಟಗಿರುವುದಿಲ್ಲ ಎನ್ನುತ್ತಾಳೆ. ನೀರು ತುಂಬಿಕೊಂಡು ಇಬ್ಬರೂ ಹೊರಟುಹೋಗುತ್ತಾರೆ.

ಈ ಮಾತುಗಳನ್ನು ಬಾವಿಯ ಬಳಿಯ ಮರದ ಕತ್ತಲಲ್ಲಿ ಬಗ್ಗಿ ನಿಂತ ಗಂಗಿ ಕೇಳಿಸಿಕೊಳ್ಳುತ್ತಿದ್ದಾಳೆ. ಕೆಲವೇ ನಿಮಿಷಗಳ ಮುಂಚೆ ಅವಳ ಮನಸ್ಸು ಕುದಿಯುತ್ತಿತ್ತು. ಕೊರಳಿಗೆ ಒಂದು ದಾರ ಹಾಕಿಕೊಂಡ ಮಾತ್ರಕ್ಕೆ ಇವರು ಹೇಗೆ ಮೇಲಿನವರಾದರು? ಕುರುಬನ ಕುರಿಯನ್ನು ಕದ್ದು ತಿಂದವನು ಈ ಠಾಕೂರ. ವರ್ಷವಿಡೀ ಜೂಜು ನಡೆಯುವುದು ಪಂಡಿತನ ಮನೆಯಲ್ಲಿ. ತುಪ್ಪಕ್ಕೆ ಎಣ್ಣೆ ಬೆರೆಸಿ ಮಾರುವವನು ಸಾಹುಕಾರ. ಬಿಟ್ಟಿ ದುಡಿಯಲು ಒಪ್ಪದ ಮಹಂಗೂ ಎಂಬವನನ್ನು ತಿಂಗಳುಗಟ್ಟಲೆ ರಕ್ತ ಕಾರುವಂತೆ ಹೊಡೆದಿದ್ದರು. ಊರಿನ ದೊಡ್ಡವರ ಲೆಕ್ಕವನ್ನೆಲ್ಲ ಹೀಗೆ ತೆಗೆದವಳು ಆ ಇಬ್ಬರು ಹೆಂಗಸರ ಬಗ್ಗೆ ಒಂದು ಮಾತನ್ನೂ ಮನಸ್ಸಿನಲ್ಲಿ ಆಡಿಕೊಳ್ಳುವುದಿಲ್ಲ. ಲೇಖಕರೂ ಆಡುವುದಿಲ್ಲ. ಅವರು ಹೋದ ಕೂಡಲೇ ಗಂಗಿ ಮರದ ನೆರಳಿನಿಂದ ಈಚೆ ಬಂದು ಬಾವಿಕಟ್ಟೆ ಹತ್ತುತ್ತಾಳೆ, ಅಷ್ಟೇ. ನನ್ನ ವಿದ್ಯಾರ್ಥಿನಿಗೆ ಕಂಡದ್ದು ಈ ಮೌನ. ನನಗೆ ಅದು ಅಂದು ಕಾಣಲಿಲ್ಲ.

ಆ ಹೆಂಗಸರು ದುಷ್ಟೆಯರಲ್ಲ. ಗಂಗಿಗೆ ಒಂದು ಕೆಟ್ಟ ಮಾತನ್ನೂ ಆಡಿದವರಲ್ಲ. ತಮ್ಮ ಬಾಳನ್ನು ತೊತ್ತಿನ ಬಾಳೆಂದು ಕರೆದುಕೊಳ್ಳುವಷ್ಟು ಅರಿವು ಅವರಿಗಿದೆ. ಆದರೆ ಅವರು ಬಯ್ದುಕೊಳ್ಳುತ್ತಲೇ ಸೇದುತ್ತಿರುವ ನೀರಿಗಾಗಿ ಒಬ್ಬಳು ಜೀವವನ್ನು ಪಣಕ್ಕಿಟ್ಟು ಹತ್ತು ಹೆಜ್ಜೆ ಆಚೆ ನಿಂತಿದ್ದಾಳೆ. ಅವರಿಗೆ ಶಿಕ್ಷೆಯಾದ ಕೆಲಸ ಅವಳಿಗೆ ಅಪರಾಧ. ಪೂರ್ವಗ್ರಹವನ್ನು ಠಾಕೂರನ ದೊಣ್ಣೆಯಲ್ಲಿ ತೋರಿಸುವುದು ಸುಲಭ, ಹೇಳಿಕೊಡುವುದೂ ಸುಲಭ. ತಾನೂ ನೊಂದವಳೇ ಆದ ಒಬ್ಬ ಸಾಮಾನ್ಯ ಗೃಹಿಣಿಯ ಗೊಣಗಾಟದಲ್ಲಿ ತೋರಿಸುವುದಿದೆಯಲ್ಲ, ಅದು ಪ್ರೇಮಚಂದರಿಗೆ ಸಾಧ್ಯವಾಯಿತು. ತಿಂಗಳಿಗೆ 18 ರೂಪಾಯಿ ಸಂಬಳದ ಶಾಲಾ ಮಾಸ್ತರರಾಗಿ ವೃತ್ತಿ ಆರಂಭಿಸಿ, ಮುಂದೆ ಶಾಲಾ ತನಿಖಾಧಿಕಾರಿಯಾಗಿ ಹಳ್ಳಿ ಹಳ್ಳಿ ಸುತ್ತಿದವರು ಅವರು. 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಸರ್ಕಾರಿ ನೌಕರಿಯನ್ನು ಬಿಟ್ಟರು. ನಮ್ಮ ವೃತ್ತಿಯವರೆಂದು ನನಗೆ ಅವರ ಮೇಲೆ ಸ್ವಲ್ಪ ಹೆಚ್ಚಿನ ಪ್ರೀತಿ ಇದ್ದರೆ ಓದುಗರು ಕ್ಷಮಿಸಬೇಕು.

ಈ ಕಥೆಯ ಹಿಂದಿನ ಇತಿಹಾಸವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆ ಎಂಬುವರು ಒಂದು ನಿರ್ಣಯವನ್ನು ಮಂಡಿಸಿ ಅಂಗೀಕಾರ ಪಡೆದರು. ಸಾರ್ವಜನಿಕ ಹಣದಿಂದ ಕಟ್ಟಿಸಿದ ಅಥವಾ ನಿರ್ವಹಿಸುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ ಮೊದಲಾದವನ್ನು ಅಸ್ಪೃಶ್ಯರೆನಿಸಿದವರೂ ಬಳಸಬಹುದೆಂಬುದು ಅದರ ತಿರುಳು. ಅದನ್ನು ಅನುಸರಿಸಿ ಕೊಲಾಬಾ ಜಿಲ್ಲೆಯ ಮಹಾಡದ ಪುರಸಭೆ 1924ರಲ್ಲಿ ತನ್ನ ಊರಿನ ಚವದಾರ್ ಕೆರೆ ಎಲ್ಲರಿಗೂ ಮುಕ್ತವೆಂದು ತೀರ್ಮಾನಿಸಿತು. ತೀರ್ಮಾನ ಕಾಗದದಲ್ಲಿತ್ತು, ಕೆರೆಯ ಮೆಟ್ಟಿಲು ಮಾತ್ರ ಮೊದಲಿನಂತೆಯೇ ಇತ್ತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಮ್ಮೇಳನಕ್ಕೆ ಬಂದಿದ್ದ ಜನರ ಮೆರವಣಿಗೆಯೊಂದಿಗೆ ಅಲ್ಲಿಗೆ ನಡೆದು, ಕೆರೆಗಿಳಿದು ಬೊಗಸೆ ನೀರು ಕುಡಿದರು. ಅವರ ಹಿಂದೆ ಬಂದವರೂ ಕುಡಿದರು. ಇವರು ಇನ್ನು ವೀರೇಶ್ವರ ದೇವಸ್ಥಾನಕ್ಕೆ ನುಗ್ಗುತ್ತಾರೆಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಊಟ ಮಾಡುತ್ತಿದ್ದವರ ಮೇಲೆ, ಊರಿಗೆ ಹಿಂತಿರುಗುತ್ತಿದ್ದವರ ಮೇಲೆ ದೊಣ್ಣೆಗಳು ಬಿದ್ದವು. ಆ ಮೇಲೆ ಕೆರೆಯ ಶುದ್ಧಿಯಾಯಿತು! 108 ಕೊಡ ನೀರನ್ನು ಹೊರಗೆ ತೆಗೆದು, ಹಾಲು, ಮೊಸರು, ಸಗಣಿ, ಗೋಮೂತ್ರಗಳನ್ನು ಕೆರೆಗೆ ಸುರಿದು, ಮಂತ್ರ ಹೇಳಿ, ನೀರು ಮತ್ತೆ ಮಡಿಯಾಯಿತೆಂದು ಸಾರಿದರು. ಸಗಣಿ ಕದಡಿದ ನೀರು ಶುದ್ಧ, ಮನುಷ್ಯನ ಬೊಗಸೆ ಮುಟ್ಟಿದ ನೀರು ಅಶುದ್ಧ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಿದ್ದರು. ನಾನು ನಗು ಮುಗಿಯುವವರೆಗೆ ಕಾಯುತ್ತಿದ್ದೆ.

ಅದೇ ವರ್ಷ ಡಿಸೆಂಬರಿನಲ್ಲಿ ಎರಡನೆಯ ಸಮ್ಮೇಳನ ಸೇರುವ ಹೊತ್ತಿಗೆ ವಿರೋಧಿಗಳು ದೊಣ್ಣೆಯನ್ನು ಬದಿಗಿಟ್ಟು ಕೋರ್ಟಿಗೆ ಹೋಗಿದ್ದರು. ಕೆರೆ ಖಾಸಗಿ ಸ್ವತ್ತೆಂದು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆಯನ್ನೂ ತಂದಿದ್ದರು. ಅಂಬೇಡ್ಕರರು ಕಾನೂನಿಗೆ ಮನ್ನಣೆ ಕೊಟ್ಟು ಕೆರೆಗೆ ಇಳಿಯುವುದನ್ನು ಮುಂದೂಡಿದರು. ಮನುಸ್ಮೃತಿಯನ್ನು ಸುಟ್ಟದ್ದು ಆ ಸಮ್ಮೇಳನದಲ್ಲಿ, ಡಿಸೆಂಬರ್ 25ರಂದು. ಮೊಕದ್ದಮೆ ಎಳೆದು ಎಳೆದು, ಮುಂಬಯಿ ಹೈಕೋರ್ಟು ಅಂತಿಮ ತೀರ್ಪನ್ನು ಕೊಟ್ಟದ್ದು 1937ರ ಮಾರ್ಚ್‌ನಲ್ಲಿ. ಅಸ್ಪೃಶ್ಯರನ್ನು ದೂರವಿಡುವ ಪದ್ಧತಿ ಅನಾದಿ ಕಾಲದ್ದೆಂಬ ವಾದ ಸಾಬೀತಾಗಿಲ್ಲವೆಂದು ನ್ಯಾಯಾಲಯ ಹೇಳಿತು. ಒಂದು ಬೊಗಸೆ ನೀರಿನ ವ್ಯಾಜ್ಯಕ್ಕೆ ಹತ್ತು ವರ್ಷ ಹಿಡಿಯಿತು.

ಈಗ ಕಥೆಗೆ ಮರಳಿದರೆ ಇನ್ನೊಂದು ಸಣ್ಣ ಸಂಗತಿ ಕಣ್ಣಿಗೆ ಬೀಳುತ್ತದೆ. ಗಂಗಿ ಬಾವಿಯ ಬಳಿಗೆ ಬಂದಾಗ ಠಾಕೂರನ ಬಾಗಿಲಲ್ಲಿ ಒಂದಷ್ಟು ಜನ ಹರಟೆ ಹೊಡೆಯುತ್ತಿರುತ್ತಾರೆ. ಮೈದಾನದ ಪರಾಕ್ರಮಕ್ಕೆ ಈಗ ಕಾಲವಿಲ್ಲ, ಕಾನೂನಿನ ಪರಾಕ್ರಮದ ಮಾತು ನಡೆದಿದೆಯೆಂದು ಲೇಖಕರು ಹೇಳುತ್ತಾರೆ. ಠಾಕೂರ ಠಾಣೆಯವನಿಗೆ ಲಂಚ ಕೊಟ್ಟು ಪಾರಾದದ್ದು, ಒಂದು ಮೊಕದ್ದಮೆಯ ನಕಲನ್ನು ಜಾಣತನದಿಂದ ಪಡೆದದ್ದು, ಇವೆಲ್ಲ ಅಲ್ಲಿ ಹೊಗಳಿಕೆಯ ವಿಷಯ. ಮಹಾಡವನ್ನು ಬಲ್ಲವರಿಗೆ ಈ ಹರಟೆ ಬರಿಯ ಹರಟೆಯಾಗಿ ಕೇಳಿಸದು. ದೊಣ್ಣೆ ಹಿಡಿದ ಕೈಗೆ ಕಾಗದ ಹಿಡಿಯುವುದೂ ಬರುತ್ತಿತ್ತು. ಗಂಗಿಗೆ ಎರಡರಲ್ಲಿ ಒಂದೂ ಇರಲಿಲ್ಲ.

1932ರ ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಅದೇ ತಿಂಗಳ ಕೊನೆಯಲ್ಲಿ, ಮುಂದೆ ಹರಿಜನ ಸೇವಕ ಸಂಘವೆಂದು ಹೆಸರಾದ ಸಂಸ್ಥೆ ಹುಟ್ಟಿತು. ದೇವಸ್ಥಾನಗಳನ್ನೂ ಬಾವಿಗಳನ್ನೂ ತೆರೆಯಿಸುವ ಚಳವಳಿ ದೇಶದ ಹಲವೆಡೆ ನಡೆಯಿತು. ಅನೇಕ ಕಡೆ ಬಾವಿ ತೆರೆಯುವ ಬದಲು ಕೇರಿಗೆ ಪ್ರತ್ಯೇಕ ಬಾವಿ ತೋಡಿಸಿಕೊಟ್ಟರು. ಬಾಯಾರಿಕೆಗೆ ಅದು ಉತ್ತರವಾಯಿತು, ಅವಮಾನಕ್ಕೆ ಆಗಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದಿರುವುದನ್ನು ಕಂಡು, ಸಂವಿಧಾನದಂತಹ ಗ್ರಂಥದಲ್ಲಿ ಬಾವಿಯ ವಿಷಯ ಏಕೆ ಬಂತೆಂದು ಮಕ್ಕಳು ಕೇಳುತ್ತಿದ್ದರು. ಬರೆದವರಲ್ಲಿ ಮಹಾಡದ ಕೆರೆಗೆ ಇಳಿದವರೂ ಇದ್ದರಲ್ಲ! 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹವಾಗಿಸಿತು. ಅದಕ್ಕೆ 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಬಂತು.

ಕಾಯಿದೆಗೆ ಸಿಗುವವನು ಠಾಕೂರ. ಬಾವಿಕಟ್ಟೆಯ ಹೆಂಗಸರು ಯಾವ ಕಲಮಿಗೂ ಸಿಗುವುದಿಲ್ಲ. ಕಥೆಗಾರರಿಗೆ ಮಾತ್ರ ಸಿಗುತ್ತಾರೆ. ಪ್ರೇಮಚಂದರದೇ 'ಸದ್ಗತಿ'ಯಲ್ಲಿ (ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕಾಗಿ ಚಿತ್ರ ಮಾಡಿದ ಕಥೆ ಇದು) ಪಂಡಿತನ ಹೆಂಡತಿ ಇದ್ದಾಳೆ. ಚಿಲುಮೆಗೆ ಬೆಂಕಿ ಕೇಳಿದ ದುಖಿಯತ್ತ ಇಕ್ಕುಳದಲ್ಲಿ ಹಿಡಿದ ಕೆಂಡವನ್ನು ದೂರದಿಂದಲೇ ಎಸೆಯುತ್ತಾಳೆ. ಕಿಡಿ ಅವನ ತಲೆಯ ಮೇಲೆ ಬೀಳುತ್ತದೆ. ಆಮೇಲೆ ಅವಳಿಗೆ ಮರುಕ ಹುಟ್ಟುತ್ತದೆ, ಹಸಿದು ದುಡಿಯುವವನಿಗೆ ತಿನ್ನಲು ಏನಾದರೂ ಕೊಡಬೇಕೆನ್ನುತ್ತಾಳೆ. ಎರಡು ಮೂರು ರೊಟ್ಟಿ ಅವನಿಗೆ ಸಾಲದೆಂದು ಗಂಡ ಹೇಳಿದೊಡನೆ, ಈ ಬಿಸಿಲಿನಲ್ಲಿ ಯಾರು ಬೇಯಿಸುತ್ತಾರೆ, ಹೋಗಲಿ ಬಿಡಿ ಎಂದು ಸುಮ್ಮನಾಗುತ್ತಾಳೆ. ಮರುಕಕ್ಕೂ ಒಲೆ ಹಚ್ಚುವುದಕ್ಕೂ ನಡುವೆ ಎಷ್ಟು ದೂರ ನೋಡಿ.

ನಮ್ಮ ಕನ್ನಡದಲ್ಲೂ ಅಂಥವಳೊಬ್ಬಳಿದ್ದಾಳೆ. ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ, ಪ್ರೇಮಚಂದರ ಕಥೆಯ ಮರುವರ್ಷ. ಅದು ಸಣ್ಣಕಥೆಯಲ್ಲ, ಕಾದಂಬರಿ. ಆದರೂ ಇಲ್ಲಿ ನೆನೆಯಲೇಬೇಕು. ತುಂಡು ಗದ್ದೆಯನ್ನು ಗೇಣಿಗೆ ಪಡೆದು ಉಳಬೇಕೆಂಬ ಚೋಮನ ಆಸೆಗೆ ಧಣಿ ಸಂಕಪ್ಪಯ್ಯ ಒಮ್ಮೆ ಮೆತ್ತಗಾಗುತ್ತಾನೆ. ಅಡ್ಡ ಬರುವವಳು ಅವನ ಮುದಿ ತಾಯಿ. ನನ್ನ ಪೀಳಿಗೆಯವರು 1975ರ ಬಿ.ವಿ. ಕಾರಂತರ ಚಲನಚಿತ್ರವನ್ನು ನೋಡಿ ಹೊರಬಂದಾಗ ಚೋಮನ ಬಗ್ಗೆ, ಬೆಳ್ಳಿಯ ಬಗ್ಗೆ, ಹೊಳೆಯಲ್ಲಿ ಮುಳುಗುತ್ತಿದ್ದರೂ ಯಾರೂ ಮುಟ್ಟಿ ಎತ್ತದ ಆ ಹುಡುಗನ ಬಗ್ಗೆ ಮಾತನಾಡಿದರು. ಆ ಮುದುಕಿಯ ಬಗ್ಗೆ ಯಾರೂ ಮಾತನಾಡಿದ ನೆನಪಿಲ್ಲ. ಅವಳನ್ನು ನಮ್ಮ ನಮ್ಮ ಮನೆಗಳಲ್ಲೇ ನಾವು ಬಲ್ಲವರಾಗಿದ್ದೆವು, ಬಹುಶಃ ಅದಕ್ಕೇ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಹಿಂಜರಿಕೆಯಿತ್ತು. ಈ ಪುಟವನ್ನು ನನ್ನ ದೊಡ್ಡಮ್ಮನ ಮಕ್ಕಳೂ ಮೊಮ್ಮಕ್ಕಳೂ ಓದುತ್ತಾರೆ. ಅವರು ನೊಂದುಕೊಂಡರೆ ಅದು ನನ್ನ ತಪ್ಪು. ದೊಡ್ಡಮ್ಮ ನನ್ನನ್ನು ಎತ್ತಿ ಆಡಿಸಿದವರು. ನಾನು ಬಿ.ಎಡ್. ಓದಲು ಹೊರಟಾಗ ಮನೆಯವರ ಎದುರು ನನ್ನ ಪರವಾಗಿ ನಿಂತವರು ಅವರೊಬ್ಬರೇ.

1960ರ ದಶಕದ ಕೊನೆಯ ಒಂದು ಬೇಸಿಗೆ. ನನಗೆ ಎಂಟೋ ಒಂಬತ್ತೋ ವಯಸ್ಸು. ಅಜ್ಜನ ಊರಿನಲ್ಲಿ ಸೇದುವ ಬಾವಿ ಮನೆಯಿಂದ ಸ್ವಲ್ಪ ದೂರದಲ್ಲಿ, ಹೊಂಗೆಮರದ ಪಕ್ಕದಲ್ಲಿತ್ತು. ದೊಡ್ಡಮ್ಮನ ಜೊತೆ ನಾನೂ ಒಂದು ಪುಟ್ಟ ಬಿಂದಿಗೆ ಹಿಡಿದು ಹೋಗುತ್ತಿದ್ದೆ. ಆ ದಿನ ಪಕ್ಕದ ಮನೆಯವರೂ ಬಂದಿದ್ದರು. ಇಬ್ಬರೂ ಬಾವಿಕಟ್ಟೆಯ ಮೇಲೆ ಬಿಂದಿಗೆ ಇಟ್ಟು ಮಾತಿಗೆ ನಿಂತರು. "ಈ ಮನೇಲಿ ನಾನು ಸಂಬಳ ಇಲ್ಲದ ಆಳು ಕಣೇ. ಬೆಳಗ್ಗೆ ನಾಕು ಗಂಟೆಗೆ ಎದ್ದರೆ ರಾತ್ರಿ ಬೆನ್ನು ನೆಲಕ್ಕೆ ತಾಗೋದು ಹನ್ನೊಂದಕ್ಕೆ. ಉಂಡೆಯಾ ಅಂತ ಒಬ್ಬರೂ ಕೇಳಲ್ಲ" ಎಂದು ದೊಡ್ಡಮ್ಮ ಹೇಳುತ್ತಿದ್ದುದು ಇಂದಿಗೂ ಕಿವಿಯಲ್ಲಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆ ಮನೆಯಲ್ಲಿ ಹದಿನಾಲ್ಕು ಜನರಿಗೆ ಅವರು ಬೇಯಿಸುತ್ತಿದ್ದರು.

ಹೊಂಗೆಮರದ ಕೆಳಗೆ ಕೇರಿಯಿಂದ ಬಂದ ಒಬ್ಬ ಹೆಂಗಸು ಖಾಲಿ ಮಡಕೆಯನ್ನು ಪಕ್ಕಕ್ಕಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವರ ಬಾವಿ ಬತ್ತಿತ್ತು. ತಾನೇ ಸೇದುವಂತಿಲ್ಲ, ಯಾರಾದರೂ ಮನಸ್ಸು ಮಾಡಿ ಸೇದಿ, ಮೇಲಿನಿಂದ ಅವಳ ಮಡಕೆಗೆ ಸುರಿಯಬೇಕು. ಬಿಸಿಲು ಏರುತ್ತಿತ್ತು. ಮಾತು ಮುಗಿಯುವವರೆಗೂ ಅವಳು ಕುಳಿತೇ ಇದ್ದಳು. ನನಗೆ ಬೇಸರವಾಗಿ, ತುಂಬಿದ ನನ್ನ ಪುಟ್ಟ ಬಿಂದಿಗೆಯನ್ನು ಎತ್ತಿಕೊಂಡು ನಾನೇ ಅವಳ ಬಳಿಗೆ ಹೋದೆ. ಅವಳು ಗಾಬರಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ ಕಣವ್ವ, ನಿಮ್ಮ ದೊಡ್ಡಮ್ಮೋರು ನೋಡ್ತಾರೆ" ಎಂದಳು. ದೊಡ್ಡಮ್ಮ ನೋಡಿದರು. ಬಯ್ಯಲಿಲ್ಲ. ಬಂದು ನನ್ನನ್ನು ರೆಟ್ಟೆ ಹಿಡಿದು ಈಚೆಗೆ ಎಳೆದುಕೊಂಡು, ತಾವೇ ನೀರು ಸೇದಿ, ಮೇಲಿನಿಂದ ಅವಳ ಮಡಕೆ ತುಂಬುವವರೆಗೆ ಸುರಿದರು. "ಪಾಪ, ಎಷ್ಟು ಹೊತ್ತಾಯ್ತೋ ಬಂದು" ಎಂದೂ ಅಂದರು. ಮನೆಗೆ ಹಿಂತಿರುಗಿದ ಮೇಲೆ ನನಗೆ ಅಂದು ಎರಡನೆಯ ಸ್ನಾನವಾಯಿತು. ನನ್ನ ಪುಟ್ಟ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಇಟ್ಟರು.

ಹಾಗಾದರೆ, ಮಗೂ, ಆ ಇಬ್ಬರು ಹೆಂಗಸರು ಗಂಗಿಯನ್ನು ನೋಡಿದ್ದರೆ ಏನು ಮಾಡುತ್ತಿದ್ದರು? ಬಹುಶಃ ಕೂಗಿಕೊಳ್ಳುತ್ತಿರಲಿಲ್ಲ. ಒಬ್ಬಳು "ಪಾಪ" ಎನ್ನುತ್ತಿದ್ದಳು. ಅವಳಿಗೆ ಧಾರಾಳವಾದ ಮನಸ್ಸಿದ್ದರೆ ಒಂದು ಕೊಡ ನೀರನ್ನು ಸೇದಿ ಮೇಲಿನಿಂದ ಸುರಿಯುತ್ತಲೂ ಇದ್ದಳೇನೋ. ಬಳಿಕ ಮನೆಗೆ ಹೋಗಿ ಕೊಡವನ್ನು ತಿಕ್ಕುತ್ತಿದ್ದಳು. ಹಗ್ಗವನ್ನು ಗಂಗಿಯ ಕೈಗೆ ಕೊಡುತ್ತಿದ್ದಳೇ? ನಲವತ್ತು ವರ್ಷ ಪಾಠ ಮಾಡಿದ ಮೇಲೂ ಹೌದೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಈಗೇಕೆ ಕೆದಕುತ್ತೀರಿ ಎಂದು ನೆಂಟರಲ್ಲಿ ಕೆಲವರು ಫೋನು ಮಾಡುವುದು ಖಂಡಿತ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಿಂದ ಬಂದ ಪತ್ರಿಕಾ ವರದಿಯನ್ನು ಅವರು ಓದಿರಬಹುದು. ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು, ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದರೆಂಬ ವರದಿ ಅದು. ಮಹಾಡದ ಕೆರೆಯ ಶುದ್ಧಿಗೂ ಇದಕ್ಕೂ ನಡುವೆ 95 ವರ್ಷ.

ಅಜ್ಜನ ಊರಿನ ಆ ಬಾವಿಯನ್ನು ಮುಚ್ಚಿ ಬಹಳ ಕಾಲವಾಯಿತು. ಬೋರ್‌ವೆಲ್ ಬಂದ ಮೇಲೆ ಅದರ ಗೊಡವೆ ಯಾರಿಗೂ ಇಲ್ಲ. ದೊಡ್ಡಮ್ಮನೂ ಇಲ್ಲ. ಹೊಂಗೆಮರ ಕಳೆದ ಸಲ ಹೋದಾಗ ಇನ್ನೂ ಇತ್ತು. ಆ ದಿನ ಅದರ ಕೆಳಗೆ ಕುಳಿತಿದ್ದ ಹೆಂಗಸಿನ ಹೆಸರೇನೆಂದು ನಾನು ಅಂದೂ ಕೇಳಲಿಲ್ಲ, ಆಮೇಲೂ ಯಾರೂ ಹೇಳಲಿಲ್ಲ. ಎತ್ತರದ ಆಳು, ಎಡಗೈಯಲ್ಲಿ ಹಚ್ಚೆಯಿತ್ತು. ಊರಿನ ಕಡೆ ಈಗಲೂ ಇರುವ ನಮ್ಮವರಲ್ಲಿ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ನನಗೆ ತಿಳಿಸಿ.